ಗುಡ್ಡದಲ್ಲಿ ಓಗೊಡದ ಮಗಳು

ದುರುಗಮ್ಮನ ಹೆಬ್ಬೆಟ್ಟಿಗೆ ಆಗಲೇ ಶಾಯಿ ಹಚ್ಚಿಯಾಗಿತ್ತು.

ಫೌಜದಾರ ಆಕೆಯ ಮಣಿಕಟ್ಟು ಹಿಡಿದು ಕಾಗದದ ಕಡೆ ತರುತ್ತಿದ್ದ. ನಾನು ಠಾಣೆಯ ಮೆಟ್ಟಿಲು ಹತ್ತಿ ಬಂದವಳೇ, ಹೆಗಲ ಚೀಲವನ್ನೂ ಇಳಿಸದೆ, ಆ ಕಾಗದವನ್ನು ಸರಕ್ಕನೆ ಎಳೆದುಕೊಂಡೆ. ಹೆಬ್ಬೆಟ್ಟು ಬರಿ ಮೇಜಿನ ಮೇಲೆ ಒತ್ತಿತು.

"ಏಯ್, ಯಾರ್ರೀ ನೀವು?"

"ಪಾರ್ವತೆಮ್ಮ. ರಾಯಚೂರು ಕೋರ್ಟಿನಾಗ ವಕೀಲಿ ಮಾಡ್ತೀನಿ. ಈಕಿ ನನ್ನ ಕಕ್ಷಿದಾರಳು."

"ಯಾವಾಗಿಂದ?"

"ಈಗಿಂದ."

ದುರುಗಮ್ಮ ನನ್ನನ್ನು ಹಿಂದೆಂದೂ ನೋಡಿದವಳಲ್ಲ. ಆದರೂ ಶಾಯಿ ಹತ್ತಿದ ಬೆರಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ನನ್ನ ಪಕ್ಕಕ್ಕೆ ಸರಿದು ನಿಂತಳು. ನಿನ್ನೆ ಭಾನುವಾರ, ನಿಸರ್ಗ ಸ್ನೇಹ ಮಂಡಳಿಯವರು ಏರ್ಪಡಿಸಿದ್ದ ಗೂಗಿಬಂಡಿ ಗುಡ್ಡದ ಉಚಿತ ಕುಟುಂಬ ಚಾರಣದಲ್ಲಿ, ಆಕೆಯ ಏಳು ವರ್ಷದ ಮಗಳು ಅಯ್ಯಮ್ಮ ಕಾಣೆಯಾಗಿದ್ದಳು. ಆ ಚಾರಣಕ್ಕೆ ಜನರನ್ನು ಜೀಪಿನಲ್ಲಿ ಕರೆದೊಯ್ದಿದ್ದ ನಬೀಸಾಬ್ ಇಂದು ನಸುಕಿನಲ್ಲಿ ನನ್ನ ಬಾಗಿಲು ಬಡಿದು ಸುದ್ದಿ ಮುಟ್ಟಿಸಿರದಿದ್ದರೆ ಆ ಹೆಬ್ಬೆಟ್ಟು ಕಾಗದದ ಮೇಲೆಯೇ ಬೀಳುತ್ತಿತ್ತು.

ನಾನು ಕಾಗದವನ್ನು ಗಟ್ಟಿಯಾಗಿ ಓದಿದೆ. "'ನನ್ನ ಅಜಾಗರೂಕತೆಯಿಂದ ನನ್ನ ಮಗಳು ಗುಂಪು ಬಿಟ್ಟು ಹಳ್ಳದ ಕಡೆಗೆ ಹೋಗಿದ್ದು, ಇದರಲ್ಲಿ ಮಂಡಳಿಯವರದು ಯಾವ ತಪ್ಪೂ ಇರುವುದಿಲ್ಲ.' ದುರುಗಮ್ಮ, ಇದನ್ನ ನೀನು ಹೇಳೀಯೇನು?"

"ಹಳ್ಳದ ಕಡಿಗ್ಯಾ?" ಆಕೆ ಬೆಚ್ಚಿದಳು. "ಆಕಿ ಹಳ್ಳದ ಕಡಿಗಿ ಹೋದ್ಲು ಅಂತ ನಾ ಯಾವಾಗ ಹೇಳೀನ್ರೀ ಯವ್ವಾ? ನಾ ಕಂಡೇ ಇಲ್ಲ!"

"ನೀ ಹೇಳದಿದ್ರ ಏನಾತು? ಮಂಡಳಿ ಅಧ್ಯಕ್ಷರು ಹೇಳ್ಯಾರ," ಎಂದ ಫೌಜದಾರ. ಅದರಲ್ಲೇನೋ ತಪ್ಪಿದೆ ಎಂದು ಅವನಿಗೆ ಅನಿಸಿದಂತಿರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಮಾತು ಅಧ್ಯಕ್ಷರದು, ಹೆಬ್ಬೆಟ್ಟು ಈಕಿದು. ಇದ್ಯಾವ ಕಾಯಿದೆ ಸ್ವಾಮಿ?"

ಅವನು ಟೊಪ್ಪಿಗೆ ಸರಿಮಾಡಿಕೊಂಡ. ನಾನು ದುರುಗಮ್ಮನ ಕಡೆ ತಿರುಗಿದೆ. "ಮಗಳು ಕಾಣದಂಗಾದಾಗ ನೀನು ಎಲ್ಲಿದ್ದಿ ತಂಗೀ?"

"ನೀರು ತರಾಕ ಹೋಗಿದ್ದೆನ್ರೀ."

"ಯಾರಿಗೆ ನೀರು?"

"ಪ್ಯಾಟಿ ಮಕ್ಕಳಿಗೆ." ಆಕೆ ಮೂಗು ಒರೆಸಿಕೊಂಡಳು. "ಎಲ್ಲಾ ಕುಟುಂಬಕ್ಕೂ ಪುಕ್ಕಟೆ ಅದ, ನಿಮ್ಮ ಬಾಗಲವಾಡ ಊರೋರೂ ಬರ್ರಿ, ನೀನೂ ಮಗಳ್ನ ಕರ್ಕೊಂಡು ಬಾ ಅಂದ್ರು. ನಮ್ಮ ಅಯ್ಯಮ್ಮ ಹಿಂದಿನ ದಿನದಿಂದ ಕುಣಿಯಾಕತ್ತಿದ್ಲು. ಗುಡ್ಡದ ಬುಡಕ್ಕ ಹೋದಮ್ಯಾಲ ನನ್ನ ಕೈಯಾಗ ಕೊಡ ಕೊಟ್ರು. ಪ್ಯಾಟಿ ಮಕ್ಕಳಿಗೆ ನೀರಡಿಕಿ ಆಗ್ತದ, ನಿನಗ ಗುಡ್ಡ ಹತ್ತೋದು ರೂಢಿ ಅದಲ್ಲ ಅಂದ್ರು."

ಓದುಗರೇ, ನೀವೇ ನೋಡಿ. ಹುಟ್ಟಿದಾಗಿನಿಂದ ಕುರಿ ಹಿಂದೆ ಆ ಗುಡ್ಡದಲ್ಲೇ ಓಡಾಡಿದ ಹೆಂಗಸನ್ನು ಅದೇ ಗುಡ್ಡಕ್ಕೆ ಪುಕ್ಕಟೆಯಾಗಿ ಕರೆದುಕೊಂಡು ಹೋಗಿ, ಮಗಳ ಕೈ ಬಿಡಿಸಿ, ತಲೆಯ ಮೇಲೆ ಕೊಡ ಹೊರಿಸಿದ್ದರು. ಊರವರ ಮಕ್ಕಳಿಗೆಲ್ಲ ನೀರು ಕುಡಿಸುತ್ತಿದ್ದ ತಾಯಿಯನ್ನು, ತನ್ನ ಮಗುವಿನ ಮೇಲೆ ನಿಗಾ ಇಲ್ಲದವಳು ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಲು ಇನ್ನೆಂಥ ಗಟ್ಟಿ ಎದೆ ಬೇಕು!

"ಈಕಿ ಗಂಡ ಎಲ್ಲಿದ್ದಾನ?" ಎಂದೆ.

"ಬೂದೆಪ್ಪ ಕುರಿ ಹೊಡಕೊಂಡು ಚೀಕಲಪರ್ವಿ ಕಡಿ ಹೊಳಿ ದಂಡಿಗೆ ಹೋಗ್ಯಾನ. ಸುದ್ದಿ ಕಳಿಸೀವಿ," ಎಂದ ಫೌಜದಾರ. "ನೀವು ಸುಮ್ನ ಸಿಟ್ಟಾಗಬ್ಯಾಡ್ರಿ ಮೇಡಂ. ಗುಡ್ಡದ ಮ್ಯಾಲ ನಿನ್ನೀನೇ ಹುಡುಕಿ ಮುಗಿಸ್ಯಾರ. ಅಲ್ಲಿ ಇಲ್ಲ. ಈಗ ನಮ್ಮ ಮಂದಿ ಹಳ್ಳದಾಗ ಅದಾರ."

"ಗುಡ್ಡದ ಮ್ಯಾಲ ಹುಡುಕಿದೋರು ಪೊಲೀಸರೇನು?"

"ಮಂಡಳಿಯವರು."

"ಕಳಕೊಂಡೋರ ಹುಡುಕಿದ್ರು, ಇಲ್ಲ ಅಂತ ಅವರ ಹೇಳಿದ್ರು, ನೀವು ಬರಕೊಂಡ್ರಿ. ಚಲೋ ಆತು." ನಾನು ದುರುಗಮ್ಮನ ಕೈ ಹಿಡಿದೆ. "ಈಕೀನ ಬಂಧಿಸಿದ್ರ ಕಾಗದ ತೋರಸ್ರಿ. ಇಲ್ಲಾಂದ್ರ ದಾರಿ ಬಿಡ್ರಿ."

ಫೌಜದಾರ ದಾರಿ ಬಿಟ್ಟ.

* * *

ನಬೀಸಾಬನ ಜೀಪು ಕವಿತಾಳ ದಾಟಿ ದೇವದುರ್ಗದ ಕಡೆಯ ಹಾದಿ ಹಿಡಿಯಿತು. ಎರಡೂ ಕಡೆ ಬಿಳಿಜೋಳ ತೆನೆ ತುಂಬಿ ನಿಂತಿತ್ತು. ದುರುಗಮ್ಮ ನನ್ನ ಪಕ್ಕದಲ್ಲಿ ಕುಳಿತು ಸೀಟಿನ ಕಬ್ಬಿಣ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಜೀಪು ನಿಧಾನವಾದಾಗಲೆಲ್ಲ ಇಳಿದು ಓಡುವವಳಂತೆ ಮುಂದಕ್ಕೆ ಬಾಗುತ್ತಿದ್ದಳು.

ಸೀಟಿನ ಕೆಳಗೆ ಕಾಲಿಗೆ ತಗಲಿದ್ದೊಂದು ಚೀಟಿ ಎತ್ತಿಕೊಂಡೆ. ರಾಯಚೂರಿನ ನಿಸರ್ಗ ಸ್ನೇಹ ಮಂಡಳಿ ಗೋಡೆಗೋಡೆಗೂ ಅಂಟಿಸಿದ್ದ ಚೀಟಿ ಅದು. ಉಚಿತ ಎನ್ನುವುದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಕೆಳಗೊಂದು ಸಾಲು: 'ನಿಮ್ಮ ಮಕ್ಕಳಿಗೆ ಕಾಡುಪ್ರಾಣಿಗಳನ್ನು ಹಗಲು ಹೊತ್ತಿನಲ್ಲೇ, ಕಣ್ಣಾರೆ ತೋರಿಸುತ್ತೇವೆ.'

ನಾನು ಆ ಸಾಲನ್ನು ಮತ್ತೆ ಓದಿದೆ. ತೋರಿಸಲು ಪ್ರಯತ್ನಿಸುತ್ತೇವೆ ಎಂದಿರಲಿಲ್ಲ. ಅದೃಷ್ಟವಿದ್ದರೆ ಎಂದೂ ಇರಲಿಲ್ಲ. ಕಾಡುಪ್ರಾಣಿಗೆ ಸಮನ್ಸ್ ಕಳಿಸಿ ಇಂಥ ದಿನ, ಇಂಥ ಜಾಗಕ್ಕೆ ಹಾಜರಾಗು ಎಂದು ಹೇಳಲು ಬರುತ್ತದೆಯೇ? ನನ್ನ ಸಾಕ್ಷಿದಾರರೇ ಸಮನ್ಸಿಗೆ ಬರುವುದಿಲ್ಲ.

"ನಬೀಸಾಬ್, ನಿನ್ನಿ ವಾಪಸ್ ಬರುವಾಗ ಏನಾತು? ಖರೆ ಹೇಳು."

"ಅಲ್ಲಾನ ಆಣಿ, ನಾ ಗುಡ್ಡ ಹತ್ತಿಲ್ಲರೀ ಮೇಡಂ. ಕೆಳಗ ಗಾಡಿ ಹತ್ರ ಇದ್ದೆ." ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹೋಗುವಾಗ ಹಾಡು, ಚಪ್ಪಾಳಿ, ಭಾರಿ ಖುಷಿ ಇತ್ತು. ಬರುವಾಗ ಒಬ್ಬರೂ ಪಿಟ್ಟೆನ್ನಲಿಲ್ಲ. ಮಣ್ಣಿಗೆ ಹೋಗಿ ಬಂದೋರಂಗ ಕುಂತಿದ್ರು. ಒಂದು ಸಣ್ಣ ಹುಡುಗ ಅಳ್ಕೊಂತ 'ಕರಡಿ' ಅಂತು. ಅವರವ್ವ ಅದರ ಬಾಯಿ ಮ್ಯಾಲೆ ಹೊಡದ್ಲು."

"ಹೊಡದ್ಲು?"

"ಹೌದ್ರೀ. ಅಧ್ಯಕ್ಷರು ಮುಂದಿನ ಸೀಟಿನಾಗ ಇದ್ರಲ್ಲ. ಅವರು ತಿರುಗಿ ನೋಡಿದ್ರು. ಆಮ್ಯಾಲ ಇಳಿಯುವಾಗ ನನಗೂ ಹೇಳಿದ್ರು, ಗಾಡಿಯಾಗ ಕೇಳಿದ್ದು ಗಾಡಿಯಾಗ ಬಿಡು ಅಂತ. ನಂಗೂ ಮಕ್ಕಳದಾವ ಮೇಡಂ. ರಾತ್ರಿ ನಿದ್ದಿ ಬರಲಿಲ್ಲ."

ದುರುಗಮ್ಮ ನನ್ನ ತೋಳು ಹಿಡಿದುಕೊಂಡಳು. "ಕರಡಿ ಆ ಗುಡ್ಡದಾಗ ಅದಾವ್ರೀ ಯವ್ವಾ. ತುದೀಗಿ ಒಂದು ಗವಿ ಅದ, ಅಲ್ಲಿರ್ತಾವ. ನಾವು ಆ ಕಡಿ ಕುರಿ ಬಿಡಂಗಿಲ್ಲ. ನಮ್ಮ ಅಯ್ಯಮ್ಮಗೂ ಗೊತ್ತದ. ಆದ್ರ ಅವು ಹಗಲು ಮಲಗ್ತಾವ. ನಡು ಮಧ್ಯಾಹ್ನ ಹೊರಗ ಬಂದದ್ದು ನಾ ಕಂಡಿಲ್ಲ."

"ನಿನಗ ನಿನ್ನಿ ಯಾರಾದ್ರೂ ಕರಡಿ ಸುದ್ದಿ ಹೇಳಿದ್ರೇನು?"

"ಇಲ್ರೀ! ನಾ ಎರಡನೇ ಕೊಡ ತುಂಬಿಕೊಂಡು ಅರ್ಧ ಗುಡ್ಡ ಹತ್ತಿದ್ದೆ. ಎಲ್ಲರೂ ದಡದಡ ಇಳಿಯಾಕತ್ತಿದ್ರು. ನನ್ನ ಮಗಳೆಲ್ಲಿ ಅಂದೆ. ಮುಂದಿನ ಜೀಪಿನಾಗ ಕುಂದ್ರಿಸೀವಿ, ನಡಿ ನಡಿ ಅಂದ್ರು. ಕೊಡ ಅಲ್ಲೇ ಒಗದು ಇಳದೆ. ಜೀಪಿನಾಗ ಇರಲಿಲ್ಲ. ಹಿಂದಕ್ಕ ಹತ್ತಾಕ ಹೋದ್ರ ಬಿಡಲಿಲ್ಲ. ನಾವು ಹುಡುಕ್ತೀವಿ, ನೀ ಠಾಣೆಗೆ ನಡಿ ಅಂದ್ರು." ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಗುಡ್ಡ ಅದು. ನನಗ ಹತ್ತಾಕ ಬಿಡಲಿಲ್ರೀ."

ಇನ್ನೂ ಜೋರಾಗಿ ಓಡಿಸು ಎಂದು ನಬೀಸಾಬನಿಗೆ ಹೇಳಿದೆ. ಬೇರೇನು ಹೇಳಿದ್ದರೂ ಬೈಗುಳವೇ ಬರುತ್ತಿತ್ತು.

* * *

ಗೂಗಿಬಂಡಿ ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ. ಮರವೆಂಬುದು ಅಲ್ಲೊಂದು ಇಲ್ಲೊಂದು. ಉಳಿದದ್ದು ಮುಳ್ಳುಕಂಟಿ, ಬಾರಿ ಗಿಡ, ಕಾಲಿಟ್ಟರೆ ಜಾರುವ ಒಣಹುಲ್ಲು. ಬಂಡೆಗಳ ನಡುವೆ ಎಲ್ಲಿ ನೋಡಿದರೂ ಸಂದಿ, ಸಂದಿಯೊಳಗೆ ಮತ್ತೊಂದು ಸಂದಿ. ಇಂಥ ಜಾಗಕ್ಕೆ ಪೇಟೆಯ ಮಕ್ಕಳನ್ನು ಚಪ್ಪಲಿ ಹಾಕಿಸಿ ಕರೆತಂದವರ ಬುದ್ಧಿಗೆ ಏನೆನ್ನಬೇಕೋ ನನಗೆ ತಿಳಿಯಲಿಲ್ಲ.

ಕೆಳಗೆ ಪಡುವಣ ಕಡೆಯ ಹಳ್ಳದಲ್ಲಿ ಜನ ಕೋಲು ಹಿಡಿದು ಕಂಟಿ ಬಡಿಯುತ್ತಿರುವುದು ಕಾಣುತ್ತಿತ್ತು. ಗುಡ್ಡದ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ದುರುಗಮ್ಮ ಮುಂದೆ ಮುಂದೆ ಹೋಗಿ ಒಂದೊಂದು ಸಂದಿಯಲ್ಲೂ ಬಗ್ಗಿ ನೋಡುತ್ತಿದ್ದಳು. ಬಾಯಿಬಿಟ್ಟು ಕರೆಯಲಿಲ್ಲ. ಅತ್ತು ಅತ್ತು ದನಿ ಸತ್ತಿರಬೇಕು ಎಂದುಕೊಂಡೆ. ನಾನು ಏದುಸಿರು ಬಿಡುತ್ತ ಒಂದು ಅಗಲವಾದ ಚಪ್ಪಟೆ ಬಂಡೆಯ ಹತ್ತಿರ ಬಂದು ಕೈಯೂರಿ ನಿಂತೆ.

ಬಂಡೆ ಒದ್ದೆಯಾಗಿತ್ತು.

ಜನವರಿ ತಿಂಗಳು. ಮಳೆಯಾಗಿ ಎಷ್ಟೋ ಕಾಲವಾಗಿತ್ತು. ಕುಡಿಯುವ ನೀರನ್ನೂ ಕೆಳಗಿನಿಂದ ತಲೆಯ ಮೇಲೆ ಹೊತ್ತು ತರಬೇಕಾದ ಗುಡ್ಡದಲ್ಲಿ ಬಂಡೆ ತೊಳೆಯುವವರು ಯಾರು?

ತೊಳೆದವರು ಅವಸರದಲ್ಲಿದ್ದರು. ಬಂಡೆಯ ಬದಿ, ಬಿರುಕು, ಕೆಳಗಿನ ಅಂಚು ಹಾಗೆಯೇ ಉಳಿದಿದ್ದವು. ಅಲ್ಲಿ ಕಪ್ಪಗೆ, ಅಂಟಂಟಾಗಿ ಏನೋ ಒಣಗಿತ್ತು. ಕೆಂಪಿರುವೆಗಳು ಬಿರುಕಿನ ಉದ್ದಕ್ಕೂ ಸಾಲು ಹಿಡಿದಿದ್ದವು. ಉಗುರಿನಿಂದ ಕೆರೆದು ಮೂಸಿದೆ. ನಾಲಿಗೆ ತುದಿಗೆ ಹಚ್ಚಿ ನೋಡಿದೆ.

ಬೆಲ್ಲ. ಬೆಲ್ಲದ ಜೊತೆಗೆ ಒರಟಾದ ಇನ್ನೊಂದು ರುಚಿ. ಹಲ್ಲಿಗೆ ಸಿಕ್ಕಿದ್ದು ಶೇಂಗಾ ಹಿಂಡಿಯ ತುಣುಕು, ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಚಿಪ್ಪಿನಂಥ ಹಿಂಡಿ. ಒಂದರ ಮೇಲೊಂದು ಪದರು ಕಟ್ಟಿದ್ದನ್ನು ನೋಡಿದರೆ ಇದು ಒಂದು ದಿನದ ಕೆಲಸವಾಗಿರಲಿಲ್ಲ.

"ಮೇಡಂ," ನಬೀಸಾಬ್ ಪಿಸುಗುಟ್ಟಿದ, "ದೇವರಿಗೆ ಎಡಿ ಹಿಡದಾರೇನು?"

"ದೇವರಿಗಲ್ಲ. ಕರಡಿಗೆ."

ಚೀಟಿಯ ಆ ಸಾಲು ಈಗ ಅರ್ಥವಾಯಿತು. ಹಗಲು ಹೊತ್ತಿನಲ್ಲೇ, ಕಣ್ಣಾರೆ ತೋರಿಸುತ್ತೇವೆ ಎಂದು ಇವರು ಸುಮ್ಮನೆ ಬರೆದಿರಲಿಲ್ಲ. ದಿನಾ ಬೆಲ್ಲ ಬಳಿದು, ರುಚಿ ಹತ್ತಿಸಿ, ಹಗಲು ಮಲಗುವ ಪ್ರಾಣಿಯನ್ನು ಹಗಲೇ ಬರುವಂತೆ ಮಾಡಿ, ಅದರ ಎದುರಿಗೆ ಪುಟ್ಟ ಮಕ್ಕಳನ್ನು ತಂದು ನಿಲ್ಲಿಸಿದ್ದರು.

"ಪಾರ್ವತೆಮ್ಮನವರ! ಅಲ್ಲೇನ್ ಮಾಡಾಕತ್ತೀರಿ?"

ಕೆಳಗಿನಿಂದ ಇಬ್ಬರು ಹತ್ತಿ ಬರುತ್ತಿದ್ದರು. ಹಿಂದೆ ಫೌಜದಾರ. ಮುಂದೆ, ಬಿಳಿ ಕ್ಯಾನ್ವಾಸ್ ಬೂಟು, ಬಿಸಿಲಿನ ಹ್ಯಾಟು, ಕೈಯಲ್ಲೊಂದು ಬೆತ್ತ ಹಿಡಿದ ಅಮರೇಶಪ್ಪ. ರಾಯಚೂರಿನಲ್ಲಿ ಎಣ್ಣೆ ಗಿರಣಿಯ ಸಾಹುಕಾರ, ನಿಸರ್ಗ ಸ್ನೇಹ ಮಂಡಳಿಯ ಅಧ್ಯಕ್ಷ. ಯಾವ ಸಭೆಗೆ ಹೋದರೂ ಮೊದಲ ಸಾಲಿನ ಕುರ್ಚಿ ಅವನಿಗೇ ಮೀಸಲು.

"ಹುಡುಗಿ ಹಳ್ಳದ ಕಡಿ ಹೋಗ್ಯಾಳ," ಎಂದ ಅವನು, ಉಸಿರು ಸುಧಾರಿಸಿಕೊಳ್ಳುತ್ತ. "ಇಲ್ಲಿ ಹೊತ್ತು ಕಳೀಬ್ಯಾಡ್ರಿ."

"ಹೋದದ್ದನ್ನ ನೀವು ಕಂಡ್ರ್ಯಾ?"

"ಕಂಡೋರು ಹೇಳ್ಯಾರ."

"ಕಂಡೋರ ಹೆಸರು?"

ಅವನು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ನಾನು ಅಂಟು ಹತ್ತಿದ ಬೆರಳನ್ನು ಅವನ ಮುಂದೆ ಹಿಡಿದೆ.

"ಬೆಲ್ಲ ತಿಂತೀರೇನ್ರೀ ಸಾಹುಕಾರ್ರ?"

ಅವನ ಮುಖ ನೋಡಬೇಕಾಗಿತ್ತು. ಆದರೂ ಸಾವರಿಸಿಕೊಂಡ. "ಯಾರೋ ಭಕ್ತರು ಎಡಿ ಮಾಡಿರಬೇಕು. ಹಳ್ಳಿ ಮಂದಿ..."

"ಯಾವ ದೇವರಿಗೆ ಶೇಂಗಾ ಹಿಂಡಿ ಎಡಿ ಹಿಡಿತಾರ್ರೀ? ಯಾವ ಭಕ್ತರು ಎಡಿ ಹಿಡಿದು ಮುಂಜಾನಿ ಬಂದು ಬಂಡಿ ತೊಳಿತಾರ್ರೀ? ಈ ಹಿಂಡಿ ಯಾವ ಗಿರಣಿದು ಅಂತ ಪತ್ತೆ ಹಚ್ಚಾಕ ನಾನು ದಿಲ್ಲಿಗೆ ಹೋಗಬೇಕೇನು?"

ಫೌಜದಾರ ಬಗ್ಗಿ ಬಂಡೆಯ ಬಿರುಕು ನೋಡಿದ. ಇರುವೆಯ ಸಾಲು ನೋಡಿದ. ಆಮೇಲೆ ನಿಧಾನಕ್ಕೆ ಅಮರೇಶಪ್ಪನ ಮುಖ ನೋಡಿದ.

"ಹೌದು! ಹಚ್ಚಿಸೀನಿ!" ಅಮರೇಶಪ್ಪನಿಗೆ ಸಿಟ್ಟು ಬಂತು. "ಏನ್ ತಪ್ಪದ ಅದರಾಗ? ನಮ್ಮ ಊರಿನ ಮಕ್ಕಳು ಕರಡಿ ಅಂದ್ರ ಪುಸ್ತಕದಾಗಿನ ಚಿತ್ರ ಅಂತ ತಿಳಕೊಂಡಾವ. ಖರೇ ಕರಡಿ ನೋಡಲಿ ಅಂತ ಮಾಡಿದೆ. ಆ ಮ್ಯಾಲಿನ ಬಂಡಿ ಮ್ಯಾಲ ಕುಂತು ದೂರದಿಂದ ನೋಡೋ ವ್ಯವಸ್ಥಾ ಇತ್ತು. ಅದು ನಿನ್ನಿ ಮುಂಚೆ ಬಂದುಬಿಡ್ತು. ನಾ ಏನ್ ಮಾಡಲಿ? ಒಂದು ಪೈಸೆ ಮುಟ್ಟಿಲ್ಲ ನಾನು. ಎಲ್ಲಾ ಪುಕ್ಕಟೆ ಮಾಡೀನಿ!"

"ಪುಕ್ಕಟೆ ಮಾಡಿದ್ರ ಮಕ್ಕಳ ಜೀವ ನಿಮ್ಮ ಕೈಗೆ ಬರೆದು ಕೊಟ್ಟಂಗ ಆತೇನ್ರೀ?" ನನ್ನ ದನಿ ಗುಡ್ಡಕ್ಕೆಲ್ಲ ಕೇಳಿಸಿರಬೇಕು. "ಕರಡಿ ಬಂದಾಗ ಏನಾತು? ಅದನ್ನ ಹೇಳ್ರಿ."

"ಏನಾಗ್ತದ? ಎಲ್ಲರೂ ತಮ್ಮ ತಮ್ಮ ಮಕ್ಕಳ್ನ ಎತ್ತಿಕೊಂಡು ಓಡಿದ್ರು."

ಹೇಳಿದ ಮೇಲೆ ಅವನಿಗೇ ಆ ಮಾತು ಕೇಳಿಸಿತೋ ಏನೋ, ಬೆತ್ತದ ತುದಿಯಿಂದ ಹುಲ್ಲು ಕೆದಕತೊಡಗಿದ. ದುರುಗಮ್ಮ ಎರಡು ಬಂಡೆಯಾಚೆ ನಿಂತು ಕೇಳುತ್ತಿದ್ದಳು. ಅಷ್ಟೊಂದು ದೊಡ್ಡವರು, ಅಷ್ಟೊಂದು ತೋಳುಗಳು. ಎತ್ತಿಕೊಳ್ಳಲು ತಾಯಿ ಹತ್ತಿರವಿಲ್ಲದ ಮಗು ಅಲ್ಲಿ ಒಂದೇ ಇತ್ತು, ಅದರ ತಾಯಿ ಅವರ ಮಕ್ಕಳಿಗಾಗಿಯೇ ನೀರು ತರಲು ಹೋಗಿದ್ದಳು. ಯಾರೊಬ್ಬರ ಕೈಯೂ ಆ ಕಡೆ ಚಾಚಲಿಲ್ಲ. ಅವರನ್ನು ಇಂದಿಗೂ ನಾನು ಕ್ಷಮಿಸಿಲ್ಲ.

"ಕರಡಿ ಸುದ್ದಿ ನನಗ್ಯಾಕ ಹೇಳಲಿಲ್ರೀ ನೀವು?" ಫೌಜದಾರನ ದನಿ ಬದಲಾಗಿತ್ತು. "ಮುಂಜಾನಿಯಿಂದ ನನ್ನ ಮಂದೀನ ಹಳ್ಳದಾಗ ತಿರುಗಸಾಕತ್ತೀರಲ್ಲ!"

"ಇಲ್ಲೂ ಹುಡುಕೀವಿ ಸಾಹೇಬ್ರ! ನಾ ಏನ್ ಕಟುಕ ಅದೀನೇನು?" ಅಮರೇಶಪ್ಪ ಬೆತ್ತವನ್ನು ನೆಲಕ್ಕೆ ಕುಟ್ಟಿದ. "ಎಲ್ಲರನ್ನ ಮನಿಗೆ ಬಿಟ್ಟು ನಾವು ನಾಲ್ಕು ಮಂದಿ ಗಾಡಿಯಾಗ ಹಿಂದಕ್ಕ ಬಂದ್ವಿ. ಇದೇ ಬಂಡಿ ಸುತ್ತ ಹೊತ್ತು ಮುಳುಗೋತನ 'ಅಯ್ಯಮ್ಮಾ, ಅಯ್ಯಮ್ಮಾ' ಅಂತ ಗಂಟಲು ಹರಿಯೋಹಂಗ ಒದರೀವಿ. ಒಂದು ಓ ಬರಲಿಲ್ಲ. ಏಳು ವರ್ಷದ ಕೂಸು, ಇಲ್ಲೇ ಇದ್ದಿದ್ರ ಓ ಅಂತಿದ್ದಿಲ್ಲೇನು? ನೀವ ಹೇಳ್ರಿ ವಕೀಲರ!"

ಸಿಟ್ಟೇನೂ ಇಳಿದಿರಲಿಲ್ಲ, ಆದರೆ ಅವನ ಈ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಹೆದರಿ ಅಡಗಿದ ಮಗು ತನ್ನ ಹೆಸರು ಕೇಳಿದರೆ ಅಳುತ್ತ ಓಡಿಬರುತ್ತದೆ. ಬರಲಿಲ್ಲವೆಂದರೆ ಬರುವ ಸ್ಥಿತಿಯಲ್ಲಿಲ್ಲ. ಆ ಯೋಚನೆಯನ್ನು ಮುಂದಕ್ಕೆ ಒಯ್ಯಲು ನನಗೆ ಧೈರ್ಯ ಬರಲಿಲ್ಲ.

"ಹೆಸರು ಹಿಡದು ಒದರಿದ್ರ್ಯಾ?"

ದುರುಗಮ್ಮ ಬಂಡೆ ಇಳಿದು ಬಂದಿದ್ದಳು. ಕಣ್ಣು ಅರಳಿತ್ತು.

"ಮತ್ತೇನು ಹಿಡದು ಒದರಬೇಕು?" ಎಂದ ಅಮರೇಶಪ್ಪ.

"ಯಪ್ಪಾ, ಗುಡ್ಡದಾಗ ಹೆಸರು ಹಿಡದು ಕರೀತಾರೇನ್ರೀ!" ಆಕೆ ಹಣೆ ಹಣೆ ಬಡಿದುಕೊಂಡಳು. "ನಾನ ಕಲಿಸೀನಿ ಆಕಿಗೆ! ಗುಡ್ಡದಾಗ ಯಾರು ಹೆಸರು ಹಿಡದು ಕರದ್ರೂ ಓ ಅನಬ್ಯಾಡ, ಉಸುರು ಹಿಡಕೊಂಡು ಕುಂದ್ರು ಅಂತ ನಾನ ಕಲಿಸೀನಿ!"

"ಯಾಕ?" ಎಂದೆ ನಾನು.

"ಹೆಸರು ಒದರಿದ್ರ ಗಾಳಿ-ದೆವ್ವ ಅದನ್ನ ಕಲ್ತುಕೊಂತದ್ರೀ ಯವ್ವಾ. ಆಮ್ಯಾಲ ಅದು ನಮ್ಮ ಮನಿಯೋರ ದನಿಯಾಗ ಕರೀತದ. ಓ ಅಂದ್ರ ಹಿಂದ ಬರ್ತದ. ನಮ್ಮವ್ವ ನನಗ ಕಲಿಸಿದ್ಲು, ನಾ ಆಕಿಗೆ ಕಲಿಸೀನಿ. ಕುರಿ ಕಾಯೋರ ಮನಿಯಾಗ ಯಾರೂ ಗುಡ್ಡದಾಗ ಹೆಸರು ಎತ್ತಂಗಿಲ್ಲ. ಅವರು ಎಷ್ಟೆಷ್ಟು ಜೋರು ಒದರಿದ್ರೋ ನನ್ನ ಕೂಸು ಅಷ್ಟಷ್ಟು ಒಳಗ ಸರದಿರ್ತದ!"

ಅಮರೇಶಪ್ಪ ನಕ್ಕ. ಇಂಥ ಹೊತ್ತಿನಲ್ಲೂ ಅವನಿಗೆ ನಗು ಬಂತು. "ನೋಡಿದ್ರ್ಯಾ ಸಾಹೇಬ್ರ? ಈ ಮೂಢನಂಬಿಕಿಗೆ ನಾ ಏನ್ ಮಾಡಲಿ?"

"ಬಾಯಿ ಮುಚ್ರಿ!" ಎಂದೆ. "ಕರಡಿಗೆ ಬೆಲ್ಲ ಉಣಿಸಿ ಮಕ್ಕಳ ಮುಂದ ಕರೆಸಿದ್ದು ನಿಮ್ಮ ವಿಜ್ಞಾನ. ಮಗಳಿಗೆ ಹುಷಾರಾಗಿರು ಅಂತ ಹೇಳಿಕೊಟ್ಟದ್ದು ಈಕಿ ಮೂಢನಂಬಿಕಿ. ಈಕೀನ ನಿನ್ನಿ ಗುಡ್ಡಕ್ಕ ಬಿಟ್ಟಿದ್ರ ಆ ಕೂಸು ರಾತ್ರಿ ಮನಿಯಾಗ ಉಂಡು ಮಲಗ್ತಿತ್ತು. ಬಿಡಲಿಲ್ಲ ನೀವು. ಯಾಕಂದ್ರ ಈಕಿ ಹತ್ತಿದ್ರ ಈ ಬಂಡಿ ನೋಡ್ತಿದ್ಲು."

ಫೌಜದಾರ ಇನ್ನು ಮಾತು ಬೆಳೆಸಲಿಲ್ಲ. ಇಷ್ಟು ಹೊತ್ತಿಗೆ ಅವನಿಗೆ ತನ್ನ ಸಮವಸ್ತ್ರದ ನೆನಪಾಗಿತ್ತು. "ನಬೀಸಾಬ್, ಓಡು. ಹಳ್ಳದಾಗಿನ ಮಂದೀನೆಲ್ಲ ಇಲ್ಲಿಗೆ ಕರ್ಕೊಂಡು ಬಾ. ಕರಡಿ ಅದ ಅಂತ ಹೇಳು. ಹಲಗಿ, ಡೊಳ್ಳು ಏನ್ ಸಿಕ್ತದೋ ತೊಗೊಂಡು, ಜೋರಾಗಿ ಬಡಕೊಂತ ಬರಲಿ."

ನಬೀಸಾಬ್ ಕಲ್ಲಿನಿಂದ ಕಲ್ಲಿಗೆ ಹಾರುತ್ತ ಇಳಿದ.

"ಹೆಸರಿಲ್ಲದೆ ಹೆಂಗ ಕರೀತೀರಿ ನೀವು?" ಎಂದು ದುರುಗಮ್ಮನನ್ನು ಕೇಳಿದೆ.

ಆಕೆ ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ನಾಲಿಗೆ ಹೊರಳಿಸಿ, ಸಂಜೆ ಹೊತ್ತು ಹಟ್ಟಿಗೆ ಮರಿಗಳನ್ನು ಕರೆಯುವ ಕೂಗು ಹಾಕಿದಳು. "ಅರ್ರ್ರ್ ಬಾ... ಅರ್ರ್ರ್ ಬಾ..." ಸತ್ತೇ ಹೋಗಿದೆ ಎಂದು ನಾನಂದುಕೊಂಡಿದ್ದ ದನಿ ಗುಡ್ಡದ ಆ ಬದಿಯವರೆಗೂ ಹೋಯಿತು. ಉಳಿದ ಮೂವರೂ ಕಿವಿಗೊಟ್ಟು ನಿಂತೆವು.

ಏನೂ ಇಲ್ಲ. ಗಾಳಿಗೆ ಒಣಹುಲ್ಲು ಸರಿದಾಡಿತು.

ಆಕೆ ಇನ್ನೊಂದು ಕಡೆ ತಿರುಗಿ ಮತ್ತೆ ಕರೆದಳು. ಈ ಸಲ ಕೂಗಿನ ಕೊನೆಗೆ ಅಳು ಸೇರಿಕೊಂಡಿತು.

ಕುರಿಮರಿಯೊಂದು ಅರಚಿತು. ಬಹಳ ಸಣ್ಣಗೆ, ಎಲ್ಲೋ ಕಾಲಡಿಯಿಂದ. "ಮ್ಯಾ..."

"ಯಾವುದೋ ತಪ್ಪಿಸಿಕೊಂಡ ಮರಿ," ಎಂದ ಫೌಜದಾರ.

"ಮರಿ ಅಲ್ರೀ," ಎಂದಳು ದುರುಗಮ್ಮ. "ನನ್ನ ಮಗಳು."

ಆಕೆ ಓಡಿದಳು. ನಾನು ಸೀರೆ ಎತ್ತಿ ಕಟ್ಟಿಕೊಂಡು ಹಿಂದೆಯೇ ಓಡಿದೆ. ಚಪ್ಪಟೆ ಬಂಡೆಯ ಹಿಂಬದಿ, ಆಳೆತ್ತರದ ಎರಡು ಗುಂಡುಕಲ್ಲುಗಳು ಒಂದಕ್ಕೊಂದು ಒರಗಿದ್ದ ಜಾಗ. ಅವುಗಳ ನಡುವೆ ಕಲ್ಲುಗಳನ್ನು ಎದೆಯೆತ್ತರ ಒಟ್ಟಿದ್ದರು. ಮೊದಲು ಅದು ಗುಡ್ಡದ ಕಲ್ಲೇ ಎಂದುಕೊಂಡಿದ್ದೆ. ಹತ್ತಿರ ಹೋದರೆ ಕಲ್ಲುಗಳ ಹೊಟ್ಟೆಗೆ ಇನ್ನೂ ಹಸಿ ಮಣ್ಣು ಅಂಟಿಕೊಂಡಿತ್ತು. ಅಡಿಯಲ್ಲಿ ಸಿಕ್ಕ ಬಾರಿ ಗಿಡದ ಎಲೆ ಬಾಡಿರಲಿಲ್ಲ.

ಯಾರೋ ಇಂದು ಮುಂಜಾನೆ ಈ ಬಾಯಿಯನ್ನು ಹೊರಗಿನಿಂದ ಮುಚ್ಚಿದ್ದರು.

ದುರುಗಮ್ಮ ಮೇಲಿನ ಕಲ್ಲು ಎತ್ತಿ ಎಸೆದಳು. ನಾನೊಂದು ಎತ್ತಿದೆ. ಫೌಜದಾರನೂ ಬಂದು ಕೈ ಹಾಕಿದ. ಮುಷ್ಟಿ ಹಿಡಿಸುವಷ್ಟು ಕಿಂಡಿಯಾಯಿತು. ಒಳಗಿನ ಕತ್ತಲೆಯಿಂದ ಘಾಟು ವಾಸನೆ ಮುಖಕ್ಕೆ ಹೊಡೆಯಿತು.

"ತೆಗೀಬ್ಯಾಡ್ರಿ!" ಅಮರೇಶಪ್ಪ ದೂರದಲ್ಲೇ ನಿಂತುಬಿಟ್ಟಿದ್ದ. ಹತ್ತಿರ ಬರಲಿಲ್ಲ. "ನಿಮ್ಮ ಕಾಲು ಬೀಳ್ತೀನಿ, ತೆಗೀಬ್ಯಾಡ್ರಿ!"

"ಯವ್ವಾ." ಕಿಂಡಿಯಿಂದ ಬಂದದ್ದು ಬರಿಯ ಉಸಿರು. "ಯವ್ವಾ, ಸಪ್ಪಳ ಮಾಡಬ್ಯಾಡ. ಅದು ಮಲಗೇದ."

ಕಲ್ಲು ಎತ್ತುತ್ತಿದ್ದ ನಮ್ಮ ಕೈಗಳು ಅಲ್ಲೇ ನಿಂತವು.

"ನೀ ಎಲ್ಲಿದ್ದೀ ನನ್ನವ್ವಾ?" ದುರುಗಮ್ಮ ಕಿಂಡಿಗೆ ಬಾಯಿ ಹಚ್ಚಿದಳು.

"ಒಳಗಿನ ಸಣ್ಣ ಸಂದಿಯಾಗ. ನಸುಕಿನಾಗ ಅದು ಬಂತು. ನನ್ನ ಮುಂದ ಅಡ್ಡ ಮಲಗೇದ."

ನಾನು ತಿರುಗಿ ಅಮರೇಶಪ್ಪನ ಎದುರು ಹೋಗಿ ನಿಂತೆ. ಕೂಗಾಡುವ ಹಾಗಿರಲಿಲ್ಲ. ಹಲ್ಲು ಕಚ್ಚಿ ಕೇಳಿದೆ. "ಒಟ್ಟಿದವ ನೀನ ಹೌದಲ್ಲ?" ರೀ ಎನ್ನುವುದು ನನ್ನ ಬಾಯಿಂದ ಬಿದ್ದುಹೋಗಿತ್ತು.

"ಬೆಲ್ಲದ ಆಸೀಗಿ ಅದು ಮ್ಯಾಲಿನ ಗವಿ ಬಿಟ್ಟು ಇಲ್ಲೇ ಮಲಗಾಕತ್ತಿತ್ತು," ಎಂದ, ಒಣಗಿದ ತುಟಿ ಸವರಿಕೊಂಡು. "ಪೊಲೀಸ್ರು ಬಂದಾಗ ಹೊರಗ ಬರಬಾರದು ಅಂತ... ನಾಕು ದಿನ ಬಿಟ್ಟು ತೆಗಸ್ತಿದ್ದೆ. ಕರಡಿ ಒಳಗ ಅದ ಅಂತಷ್ಟೇ ಗೊತ್ತಿತ್ತು ತಾಯಿ. ಹುಡುಗಿ ಇದ್ದದ್ದು ಗೊತ್ತಿದ್ದಿಲ್ಲ. ನನ್ನ ಮೊಮ್ಮಕ್ಕಳ ಆಣಿ, ಗೊತ್ತಿದ್ದಿಲ್ಲ!"

ಕಿಂಡಿಯಿಂದ ಮತ್ತೆ ಆ ಉಸಿರಿನ ದನಿ ಬಂತು. ಅದರಲ್ಲಿ ಅಳುವಿರಲಿಲ್ಲ. ಹೇಳಿಕೊಟ್ಟದ್ದನ್ನು ತಪ್ಪದೆ ಮಾಡಿದ ಮಗು ಶಾಬಾಸ್‌ಗಿರಿಗೆ ಕಾದ ಹಾಗಿತ್ತು.

"ಯವ್ವಾ, ಮುಂಜಾನಿ ಕಲ್ಲು ಇಡೋವಾಗ ಅವರು ಇಲ್ಲೇ ಬಗ್ಗಿ ನನ್ನ ಹೆಸರು ಕರದ್ರು. 'ಅಯ್ಯಮ್ಮಾ, ಒಳಗದೀಯೇನು' ಅಂದ್ರು. ನಾ ಓ ಅನಲಿಲ್ಲ."

ಫೌಜದಾರ ಅಮರೇಶಪ್ಪನ ಕಡೆ ತಿರುಗಿದ. ಅಮರೇಶಪ್ಪನ ಕೈಯ ಬೆತ್ತ ಜಾರಿ ಬಂಡೆಯ ಮೇಲೆ ಬಿತ್ತು. ಒಳಗೆ ಏನೋ ಭಾರವಾದದ್ದು ಒಮ್ಮೆ ಹೊರಳಿದ ಸಪ್ಪಳ ನಮಗೆಲ್ಲರಿಗೂ ಕೇಳಿಸಿತು.

ದುರುಗಮ್ಮನ ಎರಡೂ ಕೈಯಲ್ಲಿ ಆಗಷ್ಟೇ ಕಿತ್ತ ಕಲ್ಲಿತ್ತು. ಅದನ್ನು ಕೆಳಗಿಡಲೂ ಆಕೆಗೆ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಗುಡ್ಡದ ಬುಡದಿಂದ, ಫೌಜದಾರನೇ ಹೇಳಿಕಳಿಸಿದಂತೆ, ಜೋರಾಗಿ ಹಲಗೆ ಬಡಿಯುತ್ತ ಜನ ಮೇಲೆ ಹತ್ತತೊಡಗಿದರು.